ಎಂದಿನಂತೆ ತೊಳೆಯಿರಿ

ರಿಯಾದಿಗೆ ಬಂದ ಮೊದಲ ದಿನವೇ ನಾನು ತಣ್ಣೀರಿನಲ್ಲಿ ಕೈ ಸುಟ್ಟುಕೊಂಡೆ.

ಊರಿಗೆ ಫೋನು ಮಾಡಿ ಹೇಳಿದರೆ ಯಾರೂ ನಂಬಲಿಲ್ಲ. ಆಗಸ್ಟ್ ತಿಂಗಳು. ಮಲಾಜ್ ಎಂಬ ಹಳೆಯ ಬಡಾವಣೆಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಮುಖ ತೊಳೆಯೋಣ ಎಂದು ಬಚ್ಚಲಿನ ನೀಲಿ ಗುರುತಿನ ನಲ್ಲಿ ತಿರುಗಿಸಿ ಕೈ ಒಡ್ಡಿದೆ. ಚಹಾಪುಡಿ ಹಾಕಿದ್ದರೆ ಚಹಾ ಆಗಿಬಿಡುತ್ತಿತ್ತು. ತಣ್ಣೀರೇ ಹೀಗಿದ್ದರೆ ಬಿಸಿನೀರು ಹೇಗಿರಬೇಡ ಎಂದು ಕೆಂಪು ಗುರುತಿನ ನಲ್ಲಿಯನ್ನು ಮುಟ್ಟುವ ಧೈರ್ಯವೇ ಆಗಲಿಲ್ಲ. ಐವತ್ತೊಂದು ವರ್ಷದ ಹೆಂಗಸು, ಅದರಲ್ಲಿ ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು, ನಲ್ಲಿಯ ಮುಂದೆ ನಿಂತು ಅಳುವುದೊಂದು ಬಾಕಿ.

ದಾರಿ ತೋರಿಸಿದವನು ಹಾರಿಸ್. ಹಾರಿಸ್ ಎಂದರೆ ಇಲ್ಲಿ ಕಟ್ಟಡ ನೋಡಿಕೊಳ್ಳುವ ಕಾವಲುಗಾರ. ನಮ್ಮವನು ಬಾಂಗ್ಲಾದೇಶದವನು, ಹಿಂದಿಯಲ್ಲಿ ಮಾತಾಡುತ್ತಾನೆ. ನನ್ನ ಕೆಂಪು ಕೈ ನೋಡಿ ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕಾದು ನೀಲಿ ನಲ್ಲಿಯಲ್ಲಿ ಸುಡುನೀರು ಬರುತ್ತದೆ. ಗೀಸರಿನೊಳಗಿನ ನೀರು ಮಾತ್ರ ಮನೆಯೊಳಗೆ, ಎ.ಸಿ.ಯ ತಂಪಿನಲ್ಲಿ ಸುಖವಾಗಿರುತ್ತದೆ. ಆದ್ದರಿಂದ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಗೀಸರಿನ ಸ್ವಿಚ್ಚು ಆರಿಸಿಟ್ಟು ಕೆಂಪು ನಲ್ಲಿ ತಿರುಗಿಸಬೇಕು. ತಣ್ಣೀರು ಅಲ್ಲಿದೆ.

"ಬಿಸಿಯಲ್ಲಿ ತಣ್ಣಗೆ, ತಣ್ಣಗಿನದರಲ್ಲಿ ಬಿಸಿ," ಎಂದರು ನನ್ನ ಗಂಡ ಹಮೀದ್, ಪೆಟ್ಟಿಗೆಯ ಹಗ್ಗ ಬಿಚ್ಚುತ್ತಾ. "ನಿನ್ನ ತಲೆಯ ಹಾಗೆಯೇ ಉಂಟು ಮಾರಾಯ್ತಿ ಈ ಊರು. ನಿನಗೆ ಲಾಯ್ಕ ಹೊಂದುತ್ತದೆ."

ನಾವು ಸುರತ್ಕಲ್ಲಿನವರು. ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಇಲ್ಲಿ ಬರೆಯುವಾಗ ನಮ್ಮ ಜಗಳಗಳನ್ನೆಲ್ಲ ಕನ್ನಡಕ್ಕೆ ತಂದಿದ್ದೇನೆ, ಸ್ವಲ್ಪ ಸಭ್ಯವಾಗಿ ಕಂಡರೆ ಅದಕ್ಕೆ ಕನ್ನಡವೇ ಕಾರಣ. ನಮ್ಮ ಕಡೆಯಿಂದ ಸೌದಿಗೆ ಬರುವುದೇನೂ ಹೊಸತಲ್ಲ. ನನ್ನ ಮಾವಂದಿರು, ಭಾವಂದಿರು, ಪಕ್ಕದ ಮನೆಯ ಮೂವರು, ಎಲ್ಲರೂ ಬಂದವರೇ. ಆದರೆ ಅವರೆಲ್ಲ ಗಂಡಸರು. ಹೆಂಡತಿ ಕೆಲಸಕ್ಕೆ ಬಂದು, ಗಂಡ ಅವಳ ಇಕಾಮಾದ ಮೇಲೆ, ಅಂದರೆ ಅವಳ ವಾಸದ ಪರವಾನಗಿಯ ನೆರಳಿನಲ್ಲಿ, ಹಿಂದೆ ಹಿಂದೆ ಬರುವುದು ನಮ್ಮ ಬೀದಿಗೆ ಹೊಸತು. ಇಲ್ಲಿ ಒಬ್ಬರ ವಾಸಕ್ಕೆ ಜವಾಬ್ದಾರನಾದವನನ್ನು ಕಫೀಲ್ ಎನ್ನುತ್ತಾರೆ. ಹಮೀದ್ ಬಂದ ವಾರದಿಂದಲೇ ನನ್ನನ್ನು "ಕಫೀಲಮ್ಮ" ಎಂದು ಕರೆಯತೊಡಗಿದರು. "ಕಫೀಲಮ್ಮ, ಬತ್ಹಾಕ್ಕೆ ಹೋಗಿ ಬರಲಾ? ಅಪ್ಪಣೆ ಉಂಟಾ?"

ಬತ್ಹಾ ಇಲ್ಲಿನ ಹಳೆಯ ಪೇಟೆ. ಅಲ್ಲಿ ಹಮೀದ್‌ಗೆ ಎರಡೇ ವಾರದಲ್ಲಿ ಕಾಸರಗೋಡಿನವರು, ಭಟ್ಕಳದವರು, ಕೃಷ್ಣಾಪುರದವರು ಸಿಕ್ಕಿ, ಊರಲ್ಲಿ ಇದ್ದುದಕ್ಕಿಂತ ಹೆಚ್ಚು ನೆಂಟರಾದರು. ಕುಚ್ಚಲಕ್ಕಿ, ಒಣಮೀನು, ಪುನರ್ಪುಳಿ ಎಲ್ಲ ಬಂತು. ನನಗೋ, ಐದನೇ ವಯಸ್ಸಿನಿಂದ ಅರಬ್ಬಿ ಓದಿದವಳು ಎಂಬ ಜಂಬ. ಅಂಗಡಿಗೆ ಹೋಗಿ ಒಂದು ಬಲ್ಬು ಕೇಳಲು ಬರಲಿಲ್ಲ. ಗೋಡೆಯ ಮೇಲಿನ ಬರಹ ಪೂರ್ತಿ ಓದುತ್ತೇನೆ, ಸ್ಪಷ್ಟವಾಗಿ, ಗಂಟಲಿನ ಅಕ್ಷರಗಳೂ ಸರಿಯಾಗಿ. ಅದು "ಇಲ್ಲಿ ಗಾಡಿ ನಿಲ್ಲಿಸಬೇಡಿ" ಎಂದು ಹೇಳುತ್ತಿದೆಯೆಂದು ಮಾತ್ರ ತಿಳಿಯುವುದಿಲ್ಲ. ಹಮೀದ್‌ಗೆ ಓದಲು ನನ್ನಷ್ಟು ಬಾರದು, ಆದರೆ ಮೊದಲ ತಿಂಗಳಲ್ಲೇ "ಯಲ್ಲಾ ಯಲ್ಲಾ" ಎಂದು ಟ್ಯಾಕ್ಸಿಯವರನ್ನು ಹೊರಡಿಸುತ್ತಾ ಚೌಕಾಶಿ ಮಾಡಿಯೇಬಿಟ್ಟರು.

ಕೆಲಸದ ವಿಷಯ ಹೇಳಬೇಕು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೂ ಚೀನಾದ ಒಂದು ವಿಶ್ವವಿದ್ಯಾಲಯಕ್ಕೂ ಹಲವು ವರ್ಷಗಳಿಂದ ಕೊಡುಕೊಳ್ಳುವಿಕೆ. ಇಂಗ್ಲೆಂಡಿನವರು ಫೆಲೋಶಿಪ್ ಮೇಲೆ ಆರು ತಿಂಗಳು ಚೀನಾಕ್ಕೆ, ಚೀನಾದವರು ಆರು ತಿಂಗಳು ಇಂಗ್ಲೆಂಡಿಗೆ ಹೋಗಿ ಸಂಶೋಧನೆ ಮಾಡುತ್ತಾರೆ. ಇಬ್ಬರ ವಿಷಯವೂ ಒಂದೇ: ಸಮುದ್ರದ ನೀರಿನಿಂದ ಉಪ್ಪನ್ನು ತಡೆದು ಸಿಹಿನೀರನ್ನು ಮಾತ್ರ ಬಿಡುವ ತೆಳುವಾದ ಪೊರೆ. ಸಮುದ್ರವನ್ನೇ ಸೋಸಿ ಕುಡಿಯುವ ದೇಶದಲ್ಲಿ ಇದನ್ನು ಪರೀಕ್ಷಿಸದಿದ್ದರೆ ಹೇಗೆ ಎಂದು ರಿಯಾದಿನ ಒಂದು ವಿಶ್ವವಿದ್ಯಾಲಯದಲ್ಲಿ ಮೂರನೆಯ ಪ್ರಯೋಗಾಲಯ ತೆರೆದರು. ಎರಡೂ ಕಡೆಯಿಂದ ಒಬ್ಬೊಬ್ಬ ಫೆಲೋ ಬಂದು ಇರುವುದು, ಜೊತೆಗೆ ಒಬ್ಬ ಸ್ಥಳೀಯ ಫೆಲೋ.

ಆ ಸ್ಥಳೀಯ ಫೆಲೋ ನಾನು. ಸುರತ್ಕಲ್ಲಿನಿಂದ ಹಿಂದಿನ ವಾರ ಬಂದಿಳಿದ ಸ್ಥಳೀಯಳು.

ಅರ್ಜಿ ತುಂಬಿದವಳು ನಾನು, ಕಳುಹಿಸುವ ಗುಂಡಿ ಒತ್ತಿದವರು ಹಮೀದ್. ನಾನು ಹನ್ನೊಂದು ದಿನ ಅದನ್ನು ತಿದ್ದುತ್ತಾ ಕುಳಿತಿದ್ದೆ. ಇಂಥ ಪೊರೆಗಳ ಮೇಲೆಯೇ ನಲವತ್ತೆರಡನೇ ವಯಸ್ಸಿನಲ್ಲಿ ಪಿಎಚ್.ಡಿ. ಮುಗಿಸಿದ್ದೆ, ಮುಗಿಸಿದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಕೆಲಸ ಸಿಕ್ಕಿತು ಎಂದು ಪತ್ರ ಬಂದಾಗ ನಾನು ಕಾಲೇಜಿಗೆ ರಾಜೀನಾಮೆ ಕೊಟ್ಟೆ, ಹಮೀದ್ ತಮ್ಮ ಪುಸ್ತಕದಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟರು. ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಹಿಂದೆ ಹೋಗಲು ಮನೆ ಇತ್ತು. ಮಾಡಲು ಕೆಲಸ ಇರಲಿಲ್ಲ.

ನನಗೆ ಇಲ್ಲಿ ಕೊರತೆಯಾದದ್ದು ಸಮುದ್ರ. ಅದಿಲ್ಲದ ಊರಿನಲ್ಲಿ ನಾನು ಒಂದು ವಾರಕ್ಕಿಂತ ಹೆಚ್ಚು ಇದ್ದವಳಲ್ಲ. ರಿಯಾದಿನಿಂದ ಸಮುದ್ರ ಎಷ್ಟು ದೂರವೆಂದರೆ, ಗಾಳಿಗೆ ಯಾವ ವಾಸನೆಯೂ ಇಲ್ಲ; ಬರೀ ಬಿಸಿ. ಪರೀಕ್ಷೆಗೆ ಬೇಕಾದ ಸಮುದ್ರದ ನೀರು ರಾಸ್ ತನೂರಾದ ಕಡೆಯ ಕರಾವಳಿಯಿಂದ ನೀಲಿ ಡ್ರಮ್ಮುಗಳಲ್ಲಿ ಲಾರಿಯ ಮೇಲೆ ಬರುತ್ತಿತ್ತು. ಮೊದಲ ಡ್ರಮ್ಮಿನ ಮುಚ್ಚಳ ತೆಗೆದ ದಿನ ಉಪ್ಪಿನ, ಪಾಚಿಯ ಆ ವಾಸನೆ ಮೂಗಿಗೆ ಬಡಿದು ನಾನು ಡ್ರಮ್ಮಿನ ಮೇಲೆ ಬಗ್ಗಿ ನಿಂತೇಬಿಟ್ಟೆ. ಹಿಂದಿನಿಂದ ಗಾಬರಿಯ ದನಿ: "ಡಾಕ್ಟರ್ ಜೊಹರಾ, ಏನಾದರೂ ಬಿತ್ತೇ ಒಳಗೆ?"

ಅದು ನೈಜೆಲ್, ಇಂಗ್ಲೆಂಡಿನಿಂದ ಬಂದ ಫೆಲೋ. ನನ್ನದೇ ವಯಸ್ಸು, ಬಾಗಿಲಿಗಿಂತ ಒಂದು ಬೆರಳು ಉದ್ದ. ಬಾಗಿಲಿಗೆ ತಲೆ ತಗುಲಿದರೆ ಬಾಗಿಲಿಗೇ ಕ್ಷಮೆ ಕೇಳುವಷ್ಟು ವಿನಯ. ಚೀನಾದಿಂದ ಬಂದವಳು ಲಿನ್, ದಕ್ಷಿಣದ ಗುವಾಂಗ್‌ಡಾಂಗ್ ಕಡೆಯವಳು, ಮೂವತ್ತು ದಾಟಿರಬಹುದು. ನಲವತ್ತನಾಲ್ಕು ಡಿಗ್ರಿಯ ಬಿಸಿಲಿನಲ್ಲಿ ಥರ್ಮಾಸಿನಿಂದ ಬಿಸಿನೀರು ಕುಡಿಯುತ್ತಾ ಬರುತ್ತಾಳೆ. "ತಣ್ಣೀರು ಹೊಟ್ಟೆಗೆ ಒಳ್ಳೆಯದಲ್ಲ ಅಕ್ಕ," ಎನ್ನುತ್ತಾಳೆ. ಅಕ್ಕ ಎಂಬ ಪದ ನಾನೇ ಕಲಿಸಿದ್ದು. ನೈಜೆಲ್ ಕೂಡ ಅದು ಏನೋ ಪದವಿ ಎಂದುಕೊಂಡು ಒಮ್ಮೆ ಮೇಲಿನವರಿಗೆ ಬರೆದ ಪತ್ರದಲ್ಲಿ "ಡಾಕ್ಟರ್ ಅಕ್ಕ" ಎಂದು ಹಾಕಿದ್ದರು.

ಇಬ್ಬರೂ ನನಗೆ ಒಳ್ಳೆಯವರು. ಆದರೆ ಅವರ ವಿಶ್ವವಿದ್ಯಾಲಯಗಳ ನಡುವೆ ಒಂದು ಮುಳ್ಳು ಇತ್ತು.

ಒಂದೇ ಸುರುಳಿಯಿಂದ ಕತ್ತರಿಸಿದ ಪೊರೆ. ಒಂದೇ ಬಗೆಯ ಉಕ್ಕಿನ ಪುಟ್ಟ ಡಬ್ಬಿಯೊಳಗೆ ಅದನ್ನು ಬಿಗಿದು ಪರೀಕ್ಷೆ. ಡಬ್ಬಿಯನ್ನು ನಾವು ಸೆಲ್ ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಮಾಡಿದರೆ ನೀರು ಸಲೀಸಾಗಿ ಹರಿಯುತ್ತದೆ. ಚೀನಾದಲ್ಲಿ ಮಾಡಿದರೆ ಜಿನುಗುತ್ತದೆ. ಇವರಿಗೆ ಅವರ ಎಚ್ಚರದ ಮೇಲೆ ಅನುಮಾನ, ಅವರಿಗೆ ಇವರ ಲೆಕ್ಕದ ಮೇಲೆ ಅನುಮಾನ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. "ನಿಮ್ಮ ಕುತೂಹಲಕಾರಿ ಅಂಕಿಗಳನ್ನು ನೋಡಿ ಸಂತೋಷವಾಯಿತು" ಎಂದು ಒಬ್ಬರು ಬರೆದರೆ, ಇನ್ನೊಬ್ಬರು "ನಿಮ್ಮಿಂದ ಕಲಿಯುವುದು ಬಹಳಷ್ಟಿದೆ" ಎನ್ನುತ್ತಾರೆ. ಈ ನ್ಯಾಯ ತೀರಿಸಲೆಂದೇ ಮೂರನೆಯ ಪ್ರಯೋಗಾಲಯ. ನನ್ನ ಉತ್ತರ ಯಾರ ಕಡೆ ಬೀಳುತ್ತದೋ ಎಂದು ಎರಡು ದೇಶ ಕಾದಿದ್ದವು.

ನನ್ನ ಉತ್ತರ ಯಾರ ಕಡೆಯೂ ಬೀಳಲಿಲ್ಲ. ನೀರಿನ ವೇಗ ಮಧ್ಯದಲ್ಲೆಲ್ಲೋ. ಆದರೆ ಸೋಸಿ ಬಂದ ನೀರಿನಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಉಪ್ಪು. ನೈಜೆಲ್ ಮತ್ತು ಲಿನ್ ಇಲ್ಲಿಯೇ ಅದೇ ಬೆಂಚಿನಲ್ಲಿ ಮಾಡಿದರೂ ಅವರವರ ಊರಿನ ಉತ್ತರವೇ ಬರುತ್ತಿತ್ತು, ಪಾಸ್‌ಪೋರ್ಟ್ ನೋಡಿ ನೀರು ಹರಿಯುತ್ತಿದೆಯೋ ಎಂಬಂತೆ.

ಅಕ್ಟೋಬರಿನ ಕೊನೆಗೆ ಎರಡೂ ಕಡೆಯ ಸಹಿ ಇರುವ ಪತ್ರ ಬಂತು. ಜನವರಿಯ ಪರಿಶೀಲನಾ ಸಭೆಯೊಳಗೆ ಮೂರು ಉತ್ತರಗಳು ಹೊಂದದಿದ್ದರೆ ರಿಯಾದಿನ ಪ್ರಯೋಗಾಲಯ ಮುಚ್ಚಲಾಗುವುದು. ನೈಜೆಲ್ ಮತ್ತು ಲಿನ್ ತಮ್ಮ ತಮ್ಮ ಊರಿಗೆ, ತಮ್ಮ ತಮ್ಮ ಕುರ್ಚಿಗೆ ಮರಳುತ್ತಾರೆ. ಸ್ಥಳೀಯ ಫೆಲೋನ ಒಪ್ಪಂದ ಅಲ್ಲಿಗೆ ಮುಗಿಯುತ್ತದೆ. ಒಪ್ಪಂದ ಮುಗಿದರೆ ನನ್ನ ಇಕಾಮಾ ಮುಗಿಯಿತು, ಅದರ ಬಾಲ ಹಿಡಿದು ಹಮೀದರದ್ದೂ.

ಆಮೇಲಿನ ಮೂರು ವಾರ ನನ್ನ ಚಿಂತೆಯ ಹಬ್ಬ. ನಾನು ಹುಟ್ಟು ಚಿಂತೆಗಾರ್ತಿ. ಗ್ಯಾಸು ಆರಿಸಿದ್ದೇನೆಯೇ ಎಂದು ನೋಡಲು ಬಸ್ಸಿನಿಂದ ಇಳಿದು ಮನೆಗೆ ಮರಳಿದವಳು, ಆ ದಿನ ಗ್ಯಾಸು ಹಚ್ಚಿಯೇ ಇರಲಿಲ್ಲ ಎಂಬುದು ಬೇರೆ ಮಾತು. ತಕ್ಕಡಿ ಪರೀಕ್ಷಿಸಿದೆ. ಥರ್ಮಾಮೀಟರ್ ಬದಲಿಸಿದೆ. ಡ್ರಮ್ಮಿನ ನೀರನ್ನು ಅನುಮಾನಿಸಿದೆ. ಹನ್ನೊಂದು ಪುಟಗಳ ವಿಧಾನಪಟ್ಟಿ ನಮ್ಮ ಮೂವರಿಗೂ ಧರ್ಮಗ್ರಂಥದ ಹಾಗೆ. ಇಂಗ್ಲೆಂಡಿನವರು ಬರೆದದ್ದು, ಚೀನಾದವರು ತಿದ್ದಿದ್ದು. ಪೊರೆ ಕತ್ತರಿಸುವುದು ಹೇಗೆ ಎಂಬುದಕ್ಕೆ ಒಂದೂವರೆ ಪುಟ. ತಿರುಪು ಎಷ್ಟು ಬಿಗಿಯಬೇಕು ಎಂಬುದಕ್ಕೆ ಚಿತ್ರ ಸಮೇತ ಒಂದು ಪುಟ. ಅದನ್ನು ಇಪ್ಪತ್ತು ಸಲ ಓದಿದೆ. ಕೊನೆಗೆ ಉಳಿದದ್ದು ಒಂದೇ ತೀರ್ಮಾನ: ತಪ್ಪು ನನ್ನದೇ. ಇಂಗ್ಲೆಂಡಿನಲ್ಲಿ ಓದಿಲ್ಲ, ಚೀನಾದಲ್ಲಿ ಓದಿಲ್ಲ, ಕೈ ಸರಿ ಇಲ್ಲ.

"ನಿನಗೆ ಹಸಿವಾಗಿದೆ," ಎಂದರು ಹಮೀದ್. ಅವರ ಎಲ್ಲ ರೋಗನಿದಾನವೂ ಅದೇ. "ಶುಕ್ರವಾರ ಅವರಿಬ್ಬರನ್ನೂ ಊಟಕ್ಕೆ ಕರಿ. ಮೂರು ತಿಂಗಳಾಯಿತು ಒಟ್ಟಿಗೆ ಕೆಲಸ ಮಾಡಿ, ಒಂದು ಪತ್ತಿರ್ ತಿನ್ನಿಸಿಲ್ಲ. ಎಂತ ಮರ್ಯಾದೆ ಇದು?"

ಪತ್ತಿರ್ ಎಂದರೆ ನಮ್ಮ ಅಕ್ಕಿ ರೊಟ್ಟಿ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಹಮೀದ್ ಕೋಳಿ ಸಾರು, ಪತ್ತಿರ್, ಬದನೆ ಪಲ್ಯ ಮಾಡಿದರು. ಇಲ್ಲಿಗೆ ಬಂದ ಮೇಲೆ ಅಡುಗೆ ಅವರದ್ದು, ಚಿಂತೆ ನನ್ನದು. ಒಂದೂವರೆಗೆ ಎಂದರೆ ನೈಜೆಲ್ ಒಂದೂವರೆಗೆ ಸರಿಯಾಗಿ ಖರ್ಜೂರದ ಡಬ್ಬಿ ಹಿಡಿದು ಬಾಗಿಲಲ್ಲಿದ್ದರು. ಲಿನ್ ಒಂದು ಗಂಟೆಗೇ ಬಂದು ಮೆಟ್ಟಿಲಲ್ಲಿ ನಿಂತಿದ್ದಳಂತೆ, ಬೇಗ ಬಂದರೆ ಏನೆಂದುಕೊಳ್ಳುತ್ತಾರೋ ಎಂದು.

ನಾನು ಮೇಜಿನ ಮೇಲೆ ಬಟ್ಟಲು, ಲೋಟ ಜೋಡಿಸಿದೆ. ಲಿನ್ ಕುಳಿತವಳೇ ಎದುರಿಗಿದ್ದ ಬಿಸಿ ಚಹಾದ ಹೂಜಿ ಎತ್ತಿ, ಹಾಲು ಹಾಕದ ಆ ಚಹಾವನ್ನು ತನ್ನ ಬಟ್ಟಲಿಗೆ ಸುರಿದು, ಗಿರಗಿರನೆ ಆಡಿಸಿ, ಚಮಚವನ್ನೂ ಅದರಲ್ಲಿ ಅದ್ದಿ, ಚೆಲ್ಲಲು ಜಾಗ ಹುಡುಕುತ್ತಾ ಸುತ್ತ ನೋಡಿದಳು. ಆಮೇಲೆ ನಮ್ಮ ಮುಖ ನೋಡಿ ಕೆಂಪಾದಳು.

"ಕ್ಷಮಿಸಿ ಅಕ್ಕ! ನಿಮ್ಮ ಪಾತ್ರೆ ಕೊಳೆ ಅಂತ ಅಲ್ಲ. ಕೈ ತಾನಾಗಿ ಮಾಡಿತು. ನಮ್ಮ ಕಡೆ ಊಟಕ್ಕೆ ಮೊದಲು ಎಲ್ಲರೂ ಹೀಗೆ. ಅಜ್ಜಿ ಕಲಿಸಿದ್ದು."

"ಎಂತಕ್ಕೆ ಕ್ಷಮೆ?" ಹಮೀದ್‌ಗೆ ಖುಷಿಯೋ ಖುಷಿ. ತಾವೇ ಒಂದು ಪಾತ್ರೆ ತಂದು ಕೊಟ್ಟು, ತಮ್ಮ ಬಟ್ಟಲನ್ನೂ ಚಹಾದಲ್ಲಿ ತೊಳೆದುಕೊಂಡರು. "ಇದು ಒಳ್ಳೆಯದುಂಟು. ನೈಜೆಲ್ ಸಾಹೇಬರೇ, ನಿಮ್ಮದೂ ಕೊಡಿ."

ಊಟ ಚೆನ್ನಾಯಿತು. ನೈಜೆಲ್ ಖಾರಕ್ಕೆ ಕಣ್ಣೀರು ಸುರಿಸುತ್ತಾ "ಏನೂ ಇಲ್ಲ, ಏನೂ ಇಲ್ಲ" ಎನ್ನುತ್ತಾ ಐದು ಪತ್ತಿರ್ ತಿಂದರು. ಮುಗಿದ ಮೇಲೆ ಅವರು ತೋಳು ಮಡಚಿ ಅಡುಗೆಮನೆಗೆ ನುಗ್ಗಿದರು. ಪಾತ್ರೆ ತೊಳೆಯುವುದು ತಮ್ಮ ಸರದಿಯಂತೆ, ಅವರ ದೇಶದಲ್ಲಿ ಅತಿಥಿಯ ಮರ್ಯಾದೆಯಂತೆ. ನಮ್ಮಲ್ಲಿ ಅತಿಥಿ ಪಾತ್ರೆ ಮುಟ್ಟಿದರೆ ಮನೆಯವರ ಮರ್ಯಾದೆ ಹೋಗುತ್ತದೆ. ಎರಡು ಮರ್ಯಾದೆಗಳ ಜಗ್ಗಾಟದಲ್ಲಿ ಉದ್ದ ಇರುವವರು ಗೆದ್ದರು.

ಅವರು ಸಿಂಕಿನ ತೂತು ಮುಚ್ಚಿ ನೀರು ತುಂಬಿಸಿದರು. ಸೋಪು ಸುರಿದರು. ನೊರೆ ಗುಡ್ಡದಂತೆ ಎದ್ದಿತು. ಒಂದೊಂದೇ ತಟ್ಟೆಯನ್ನು ನೊರೆಯಲ್ಲಿ ಮುಳುಗಿಸಿ, ಪ್ರೀತಿಯಿಂದ ಉಜ್ಜಿ, ಎತ್ತಿ, ನೊರೆ ತೊಟ್ಟಿಕ್ಕುತ್ತಿರುವಂತೆಯೇ ಒಣಗುವ ಜಾಲರಿಯಲ್ಲಿ ನಿಲ್ಲಿಸಿದರು. ಮುಂದಿನದನ್ನು ಎತ್ತಿಕೊಂಡರು.

ಹಮೀದ್ ನನ್ನ ಕಿವಿಯ ಹತ್ತಿರ ಬಗ್ಗಿದರು. "ಎಂತದು ಮಾರಾಯ್ತಿ ಇವರು? ಸೋಪು ಹಾಗೇ ಬಿಟ್ಟರು!"

"ಶ್ಶ್. ಆಮೇಲೆ ತೊಳೆಯುತ್ತಾರೆ."

"ಇಲ್ಲ. ಒರೆಸ್ತಾ ಇದ್ದಾರೆ ನೋಡು. ಬಟ್ಟೆಯಲ್ಲಿ!"

ನಿಜ. ನೈಜೆಲ್ ಸಿಳ್ಳೆ ಹಾಕುತ್ತಾ ನೊರೆ ಮೆತ್ತಿದ ತಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಿ ಕಪಾಟಿನಲ್ಲಿಡುತ್ತಿದ್ದರು. ಅಷ್ಟರಲ್ಲಿ ಲಿನ್ ನೀರು ಕೇಳಿದಳು. ನಾನು ಕಪಾಟಿನಿಂದ ಬೆಳಿಗ್ಗೆ ತೊಳೆದಿಟ್ಟ ಲೋಟ ತೆಗೆದು, ನಲ್ಲಿಯ ಕೆಳಗೆ ಹಿಡಿದು, ಒಂದು ಸುತ್ತು ಗಲಬರಿಸಿ ಚೆಲ್ಲಿ, ಅದರಲ್ಲಿ ನೀರು ತುಂಬಿಸಿದೆ.

"ನೀನೆಂತ ಕಮ್ಮಿಯಾ?" ಎಂದರು ಹಮೀದ್. "ತೊಳೆದದ್ದನ್ನೇ ಮತ್ತೆ ತೊಳೆಯುವವಳು. ಒಬ್ಬರು ತೊಳೆಯುವುದೇ ಇಲ್ಲ, ಒಬ್ಬಳು ಚಹಾದಲ್ಲಿ ತೊಳೀತಾಳೆ, ಒಬ್ಬಳು ಎರಡು ಸಲ ತೊಳೀತಾಳೆ. ಒಂದು ಮನೆಯಲ್ಲಿ ಮೂರು ಕಾನೂನು!"

ಲೋಟ ನನ್ನ ಕೈಯಲ್ಲೇ ಉಳಿಯಿತು.

ತೊಳೆದ ಲೋಟವನ್ನು ಮತ್ತೆ ಗಲಬರಿಸದೆ ನೀರು ಕುಡಿಯುವವರು ನಮ್ಮ ಕಡೆ ಯಾರಿದ್ದಾರೆ? ಧೂಳೋ, ಇರುವೆಯೋ, ಹಲ್ಲಿಯೋ ಯಾರಿಗೆ ಗೊತ್ತು? ಅದನ್ನು ಮಾಡುತ್ತಿದ್ದೇವೆ ಎಂಬುದೇ ನಮಗೆ ತಿಳಿಯುವುದಿಲ್ಲ. ಹನ್ನೊಂದು ಪುಟದ ವಿಧಾನಪಟ್ಟಿಯ ನಾಲ್ಕನೇ ಪುಟದ ಕೊನೆಯ ಸಾಲು ಕಣ್ಣ ಮುಂದೆ ಬಂತು. ಇಪ್ಪತ್ತು ಸಲ ಓದಿ, ಇಪ್ಪತ್ತು ಸಲವೂ ದಾಟಿಹೋಗಿದ್ದ ಸಾಲು. "ಸೆಲ್ ಅನ್ನು ಎಂದಿನಂತೆ ತೊಳೆಯಿರಿ."

"ನೈಜೆಲ್," ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಲ್ಯಾಬಿನಲ್ಲಿ ನೀವು ಸೆಲ್ ತೊಳೆಯುವುದು ಹೇಗೆ?"

"ಎಂದಿನಂತೆ," ಎಂದರು, ಕೈಯಲ್ಲಿದ್ದ ತಟ್ಟೆಯನ್ನು ತೋರಿಸುತ್ತಾ. "ಸೋಪಿನ ನೀರು. ಆಮೇಲೆ ಒರೆಸುವುದು."

"ಲಿನ್, ನೀನು?"

"ಕುದಿಯುವ ನೀರು ಸುರಿದು," ಎಂದಳು ಲಿನ್. "ಬಿಸಿ ಇರುವಾಗಲೇ ಪೊರೆ ಬಿಗಿಯುತ್ತೇನೆ, ಮತ್ತೆ ಧೂಳು ಕೂರಬಾರದಲ್ಲ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ದೊಡ್ಡದಾಯಿತು. "ಅಕ್ಕ, ನೀವು?"

"ಶುದ್ಧ ನೀರಿನಲ್ಲಿ ತೊಳೆದು ಒಣಗಿಸುತ್ತೇನೆ. ಆಮೇಲೆ," ನಾನು ಕೈಯಲ್ಲಿದ್ದ ಲೋಟ ನೋಡಿದೆ, "ಬಿಗಿಯುವ ಮುಂಚೆ ನಲ್ಲಿಯಲ್ಲಿ ಒಂದು ಸಲ. ಸುಮ್ಮನೆ."

ಸೋಪಿನ ಪಸೆ ಇದ್ದರೆ ಪೊರೆಯ ಮೇಲೆ ನೀರು ಜಾರಿ ಹರಿಯುತ್ತದೆ. ಬಿಸಿ ಉಕ್ಕು ತಗುಲಿದರೆ ಪೊರೆಯ ರಂಧ್ರ ಬಿಗಿಯಾಗಿ ನೀರು ಜಿನುಗುತ್ತದೆ. ನಲ್ಲಿಯ ನೀರಿನಲ್ಲಿ ಉಪ್ಪಿದೆ. ಮೂವರು ಪಿಎಚ್.ಡಿ.ಗಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮೊದಲು ನಕ್ಕವಳು ಲಿನ್. ಬಾಯಿ ಮುಚ್ಚಿಕೊಂಡು, ಭುಜ ಕುಲುಕಿಸಿ. ನೈಜೆಲ್ ಕಪಾಟಿನಲ್ಲಿದ್ದ ನನ್ನ ತಟ್ಟೆಗಳನ್ನು ನೋಡಿ ಕಿವಿಯವರೆಗೆ ಕೆಂಪಾಗಿ, ತಟ್ಟೆಗಳಿಗೇ ಕ್ಷಮೆ ಕೇಳಿದರು.

ಭಾನುವಾರ ಇಲ್ಲಿ ವಾರದ ಮೊದಲ ದಿನ. ಅಂದಿನಿಂದ ಮೂರು ವಾರ ನಾವು ಒಬ್ಬರ ಅಭ್ಯಾಸವನ್ನು ಇನ್ನೊಬ್ಬರು ಮಾಡಿದೆವು. ನಾನು ಇಂಗ್ಲಿಷರಂತೆ ಸೋಪನ್ನು ತೊಳೆಯದೆ ಹಾಗೇ ಒರೆಸಿದೆ, ಕೈ ನಲ್ಲಿಯ ಕಡೆಗೆ ಓಡುವುದನ್ನು ಎಡಗೈಯಲ್ಲಿ ಹಿಡಿದುಕೊಂಡು. ನನಗೆ ಇಂಗ್ಲೆಂಡಿನ ಉತ್ತರ ಬಂತು. ನೈಜೆಲ್ ಬಿಸಿನೀರು ಸುರಿದರು, ಚೀನಾದ ಉತ್ತರ. ಲಿನ್ ತೊಳೆದದ್ದನ್ನು ಮತ್ತೆ ನಲ್ಲಿಯಲ್ಲಿ ಗಲಬರಿಸಿದಳು, ಸುರತ್ಕಲ್ಲಿನ ಉತ್ತರ, ಉಪ್ಪು ಸಮೇತ. ಕೊನೆಗೆ ಮೂವರೂ ಒಂದೇ ರೀತಿ ತೊಳೆದೆವು: ಸೋಪು, ಶುದ್ಧ ನೀರು ಮೂರು ಸಲ, ಪೂರ್ತಿ ತಣಿದ ಮೇಲೆ ಬಿಗಿಯುವುದು, ಆಮೇಲೆ ಕೈ ಕಟ್ಟಿಕೊಂಡು ನಿಲ್ಲುವುದು. ಮೂರು ಉತ್ತರಗಳೂ ಅಕ್ಕಪಕ್ಕ ಬಂದು ಕುಳಿತವು.

ಇನ್ನು ಇದನ್ನು ಮೇಲಿನವರಿಗೆ ತಿಳಿಸಬೇಕು. ಎರಡು ದೇಶಗಳ ದೊಡ್ಡ ಪ್ರೊಫೆಸರುಗಳಿಗೆ, ನಿಮ್ಮ ವರ್ಷಗಳ ಜಗಳಕ್ಕೆ ಕಾರಣ ಪಾತ್ರೆ ತೊಳೆದ ರೀತಿ ಎಂದು ಬರೆಯುವವರು ಯಾರು? ನೈಜೆಲ್ ಒಂದು ಕರಡು ಬರೆದರು. ಎಷ್ಟು ನಯವಾಗಿತ್ತೆಂದರೆ, ಓದಿದವರಿಗೆ ತಪ್ಪು ಯಾರದೆಂದು ಬಿಡಿ, ತಪ್ಪು ಆಗಿದೆ ಎಂದೇ ತಿಳಿಯುತ್ತಿರಲಿಲ್ಲ. ಲಿನ್ ಕರಡೇ ಬರೆಯಲಿಲ್ಲ. ವಿಧಾನಪಟ್ಟಿ ತಿದ್ದಿದವರು ಅವಳ ಗುರುಗಳು, ಅವರ ಹೆಸರು ಮೊದಲ ಪುಟದಲ್ಲಿತ್ತು. "ಅಕ್ಕ, ನೀವು ಬರೆದರೆ ಯಾರ ಮುಖವೂ ಕೆಡುವುದಿಲ್ಲ," ಎಂದಳು. ನನ್ನ ಮುಖವನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರಿಬ್ಬರದ್ದು ಅಭ್ಯಾಸದ ಭಿನ್ನತೆ ಎನಿಸಿಕೊಳ್ಳಬಹುದು. ಪರೀಕ್ಷೆಯ ಸೆಲ್ಲನ್ನು ನಲ್ಲಿ ನೀರಿನಲ್ಲಿ ಅದ್ದಿದವಳದ್ದು ಶುದ್ಧ ದಡ್ಡತನ. ಅದನ್ನು ಮಾಡಿದ ಹುಡುಗಿಯರಿಗೆ ನಾನೇ ಕಾಲೇಜಿನಲ್ಲಿ ಅಂಕ ಕಳೆದಿದ್ದೇನೆ. ಇಂಥವಳನ್ನು ಇಟ್ಟುಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?

"ಬಚ್ಚಿಟ್ಟರೆ ಎಂತ?" ಎಂದೆ ಹಮೀದ್‌ಗೆ. "ಅವರಿಬ್ಬರದ್ದು ಮಾತ್ರ ಬರೆದು, ನನ್ನದು ಬಿಟ್ಟರೆ?"

ಹಮೀದ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬಚ್ಚಿಡು. ಆಮೇಲೆ ಸಾಯುವವರೆಗೆ ನಿದ್ದೆ ಮಾಡುವುದಿಲ್ಲ ನೀನು. ಪಕ್ಕದಲ್ಲಿ ಮಲಗುವವನು ನಾನು. ನನ್ನ ಮೇಲೆ ಕರುಣೆ ಇದ್ದರೆ ಬರೆದು ಕಳುಹಿಸು."

ಗುರುವಾರ ಬೆಳಿಗ್ಗೆ ಬರೆದೆ. ಮೊದಲ ವಾಕ್ಯ: "ಮೊದಲಿಗೆ, ನಾನು ಮಾಡಿದ ತಪ್ಪು." ಆಮೇಲೆ ಲೋಟದ ಕಥೆ, ನೊರೆಯ ಕಥೆ, ಚಹಾದ ಕಥೆ, ಅಂಕಿಗಳು. ಕೊನೆಗೆ ನಾಲ್ಕನೇ ಪುಟದ ಆ ಸಾಲಿನ ಬದಲಿಗೆ ಬರಬೇಕಾದ ಹೊಸ ಸಾಲುಗಳು. ಈ ಸಲ ಕಳುಹಿಸುವ ಗುಂಡಿ ನಾನೇ ಒತ್ತಿದೆ. ಒತ್ತಿದ ಮೇಲೆ ನೆನಪಾಯಿತು: ನಾಳೆ ನಾಡಿದ್ದು ನಮಗೆ ರಜೆ, ನಾಡಿದ್ದು ಆಚೆ ನಾಡಿದ್ದು ಅವರಿಗೆ ರಜೆ. ಮೂರು ದೇಶಗಳ ರಜೆಗಳು ಸರಪಳಿಯಂತೆ ಹೆಣೆದುಕೊಂಡು ನನ್ನ ಚಿಂತೆಗೆ ಮೂರು ಪೂರ್ತಿ ದಿನ ಒದಗಿಸಿದವು. ಒಂದನ್ನೂ ಹಾಳು ಮಾಡಲಿಲ್ಲ.

ಸೋಮವಾರ ಚೀನಾದ ಪ್ರೊಫೆಸರರಿಂದ ಒಂದೇ ಸಾಲು: ನಿಮ್ಮ ನಲ್ಲಿ ನೀರಿನ ಉಷ್ಣತೆ ಎಷ್ಟು? ಆಗಸ್ಟಿನಲ್ಲಿ ಎಷ್ಟಿತ್ತೆಂದು ಕೈಯ ಚರ್ಮದ ಆಧಾರದ ಮೇಲೆ ನಾನು ಹೇಳಬಲ್ಲೆ ಎಂದು ಬರೆಯಬೇಕೆನಿಸಿತು, ಬರೆಯಲಿಲ್ಲ. ಮಧ್ಯಾಹ್ನ ಇಂಗ್ಲೆಂಡಿನ ಪ್ರೊಫೆಸರರ ಪತ್ರ. ನನ್ನ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದರಂತೆ. ಅವರ ಹೆಂಡತಿ ಪೋರ್ಚುಗಲ್ಲಿನವರು. ಈ ನೊರೆಯ ವಿಷಯವನ್ನು ತಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ ಎಂದರಂತೆ.

ಜನವರಿಯ ಸಭೆ ಪರದೆಯ ಮೇಲೆ ನಡೆಯಿತು. ನಾನು ಸೀರೆಯ ಸೆರಗಿನ ತುದಿಯನ್ನು ಮೇಜಿನ ಕೆಳಗೆ ಹಿಂಡುತ್ತಾ ಕುಳಿತಿದ್ದೆ. ಎರಡು ದೇಶದ ಪ್ರೊಫೆಸರುಗಳು ಮೊದಲ ಬಾರಿ ಒಬ್ಬರ ಮಾತಿಗೆ ಇನ್ನೊಬ್ಬರು ನಿಜವಾಗಿ ನಕ್ಕರು. ರಿಯಾದಿನ ಪ್ರಯೋಗಾಲಯ ಇನ್ನೆರಡು ವರ್ಷ. ಸ್ಥಳೀಯ ಫೆಲೋನ ಒಪ್ಪಂದವೂ ಇನ್ನೆರಡು ವರ್ಷ. ಅಷ್ಟೇ ಅಲ್ಲ, ಈ ವರ್ಷದ ವಿನಿಮಯದಲ್ಲಿ ಮೂರನೆಯ ಹೆಸರು ಸೇರಿತು: ನಾನು ಮೂರು ವಾರ ಇಂಗ್ಲೆಂಡಿಗೆ, ಮೂರು ವಾರ ಚೀನಾಕ್ಕೆ ಹೋಗಿ ಅಲ್ಲಿನ ಎಲ್ಲರಿಗೂ ಹೊಸ ವಿಧಾನ ಕಲಿಸಬೇಕು.

"ಊರಲ್ಲಿ ಎಂತ ಹೇಳುವುದು?" ಎಂದರು ಹಮೀದ್, ಕೈಯಲ್ಲಿ ಸೌಟು. "ಹೆಂಡತಿ ಇಂಗ್ಲೆಂಡಿಗೆ ಹೋಗಿದ್ದಾಳೆ, ಪಾತ್ರೆ ತೊಳೆಯಲಿಕ್ಕೆ ಅಂತಲಾ?"

"ಚೀನಾಕ್ಕೂ ಅಂತ ಸೇರಿಸಿ."

"ಕಫೀಲಮ್ಮ," ಎಂದರು, ಸೌಟು ಕೆಳಗಿಟ್ಟು. ಆ ದಿನ ಪಾಯಸ ಆಯಿತು.

ಹೋಗಿ ಬಂದೆ. ಇಂಗ್ಲೆಂಡಿನಲ್ಲಿ ಒಂದೇ ಬೇಸಿನ್ನಿಗೆ ಎರಡು ನಲ್ಲಿ, ಈ ಮೂಲೆಯಲ್ಲೊಂದು ಆ ಮೂಲೆಯಲ್ಲೊಂದು. ಒಂದರಲ್ಲಿ ಬೆಂಕಿ, ಒಂದರಲ್ಲಿ ಮಂಜು, ಎರಡನ್ನೂ ಬೆರೆಸುವ ವಿಚಾರ ಯಾರಿಗೂ ಬಂದಂತಿಲ್ಲ. ಚೀನಾದಲ್ಲಿ ಪ್ರತಿ ಪಡಸಾಲೆಯಲ್ಲೂ ಕುದಿನೀರಿನ ಯಂತ್ರ. ಲಿನ್‌ಳ ಅಜ್ಜಿ ನನ್ನ ಬಟ್ಟಲನ್ನು ತಾವೇ ಚಹಾದಲ್ಲಿ ತೊಳೆದು ಕೊಟ್ಟರು. ಎರಡೂ ಲ್ಯಾಬಿನ ಗೋಡೆಗಳಲ್ಲಿ ಈಗ ಒಂದು ಹಾಳೆ ಅಂಟಿಸಿದೆ. ಕೆಳಗೆ ನನ್ನ ಕೈಬರಹದಲ್ಲಿ ಒಂದು ಸಾಲು, ಕೆಂಪು ಶಾಯಿಯಲ್ಲಿ: "ಮತ್ತೆ ತೊಳೆಯಬೇಡಿ." ಅದು ನನಗೆ ನಾನೇ ಬರೆದುಕೊಂಡದ್ದು.

ಜುಲೈನಲ್ಲಿ ರಜೆಗೆ ಸುರತ್ಕಲ್ಲಿಗೆ ಹೋದೆವು. ಮನೆಯ ಬೀಗ ತೆಗೆಯುವ ಮೊದಲು ತಂಗಿ ನಸೀಮಾಳ ಮನೆಯಲ್ಲಿ ಚಹಾ. ಕಿಟಕಿಯಿಂದ ಸಮುದ್ರದ ವಾಸನೆ ಬರುತ್ತಿತ್ತು, ಡ್ರಮ್ಮು ಇಲ್ಲದೆ, ಪುಕ್ಕಟೆ. ನೀರಡಿಕೆಯಾಗಿ ಸ್ಟ್ಯಾಂಡಿನಿಂದ ಲೋಟ ತೆಗೆದು ಮಡಕೆಯಿಂದ ತುಂಬಿ ಕುಡಿದೆ.

"ಎಂತ ಇದು?" ನಸೀಮಾ ಗಲ್ಲಕ್ಕೆ ಕೈ ಹಚ್ಚಿದಳು. "ಲೋಟ ಗಲಬರಿಸದೆ ಕುಡೀತೀಯಾ? ಒಂದು ವರ್ಷಕ್ಕೇ ಇಷ್ಟು ಕೆಟ್ಟುಹೋದೆಯಾ?"

ನನಗೆ ನಾಚಿಕೆಯಾಯಿತು. ಸರಿ, ಊರಿನಂತೆ ಮಾಡೋಣ ಎಂದು ಕುಡಿದ ಲೋಟವನ್ನು ತೊಳೆಯಲು ಬಚ್ಚಲಿಗೆ ಹೋಗಿ, ತಣ್ಣೀರಿಗಾಗಿ, ಒಂದು ಕ್ಷಣವೂ ಯೋಚಿಸದೆ, ಕೆಂಪು ಗುರುತಿನ ನಲ್ಲಿ ತಿರುಗಿಸಿದೆ.

ನಸೀಮಾ ಓಡಿ ಬಂದು ನನ್ನ ಕೈಯನ್ನು ಎಳೆದು ನೀಲಿ ನಲ್ಲಿಯ ಕೆಳಗೆ ಹಿಡಿದಳು. ಹೋದ ವರ್ಷ ಸುಟ್ಟ ಅದೇ ಕೈ. ಹೊರಗಿನಿಂದ ಹಮೀದರ ನಗು ಕೇಳಿಸುತ್ತಿತ್ತು. ಅವರಿಗೆ ನೋಡದೆಯೇ ಗೊತ್ತಾಗಿತ್ತು.

"ಕೆಂಪು ಅಂದರೆ ಬಿಸಿ ಅಂತ ಮಕ್ಕಳಿಗೂ ಗೊತ್ತು," ಎಂದಳು ತಂಗಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾ. "ಎಲ್ಲಿದ್ದೀ ಅಕ್ಕ ನೀನು?"

ತಣ್ಣಗಿನ ನೀರು ಕೈಯ ಮೇಲೆ ಹರಿಯುತ್ತಿತ್ತು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಕೆಂಪು ಎಂಬ ಹಾರಿಸ್‌ನ ಲೆಕ್ಕ ಇನ್ನೂ ತಲೆಯಲ್ಲಿತ್ತು.

"ಈಗ ಯಾವ ತಿಂಗಳು?" ಎಂದೆ.